ಅಂಗಾಲಿನ ನಕ್ಷೆ

ದಿನವೆಲ್ಲ ದುಡಿದು ದಣಿದವರು ಮನೆಗೆ ಬಂದೊಡನೆ ಮೊದಲು ಕಾಲು ತೊಳೆಯುತ್ತಾರೆ. ರಾತ್ರಿ ಮಲಗುವ ಮುನ್ನ ಹಿರಿಯರು ಅಂಗಾಲಿಗೆ ಹರಳೆಣ್ಣೆ ತಿಕ್ಕಿಕೊಳ್ಳುವುದನ್ನೂ ಮೊಮ್ಮಕ್ಕಳು ಅಜ್ಜಿಯ ಕಾಲೊತ್ತುವುದನ್ನೂ ನಾವು ಕಂಡಿದ್ದೇವೆ. ಕಾಲನ್ನು ಮೆಲ್ಲಗೆ ಒತ್ತಿದಾಗ ಮೈಯೆಲ್ಲ ಹಗುರಾಗುವುದು, ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುವುದು ಎಲ್ಲರ ಅನುಭವಕ್ಕೂ ಬಂದ ಸಂಗತಿ. ಈ ಸುಖಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ. ಆದರೆ ಅಂಗಾಲಿನ ನಡುಭಾಗವನ್ನು ಒತ್ತಿ ಹೊಟ್ಟೆಯ ರೋಗವನ್ನು ಕಳೆಯಬಹುದು, ಹೆಬ್ಬೆರಳನ್ನು ಅಮುಕಿ ತಲೆಶೂಲೆಯನ್ನು ನಿಲ್ಲಿಸಬಹುದು, ಕಾಲನ್ನು ಮುಟ್ಟಿ ನೋಡಿಯೇ ದೇಹದೊಳಗಿನ ಕಾಯಿಲೆಯನ್ನು ಕಂಡುಹಿಡಿಯಬಹುದು ಎಂದು ಯಾರಾದರೂ ಹೇಳಿದರೆ ಆಗ ಸಾಕ್ಷಿಯನ್ನು ಕೇಳಲೇಬೇಕಾಗುತ್ತದೆ.

ಹೀಗೆ ಹೇಳುವ ಚಿಕಿತ್ಸಾಪದ್ಧತಿಯೊಂದು ಇಂದು ಜಗತ್ತಿನ ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ. ಅದರ ಹೆಸರು ರಿಫ್ಲೆಕ್ಸಾಲಜಿ. ಇದು ಸಾವಿರಾರು ವರ್ಷಗಳಷ್ಟು ಹಳೆಯದೆಂದು ಅನೇಕರು ನಂಬಿದ್ದಾರೆ. ಇದು ನಿಜವಾಗಿ ಎಲ್ಲಿ ಹುಟ್ಟಿತು, ಹೇಗೆ ಬೆಳೆಯಿತು, ಪರೀಕ್ಷೆಗೆ ಒಡ್ಡಿದಾಗ ಎಷ್ಟರಮಟ್ಟಿಗೆ ನಿಂತಿತು ಎಂಬುದು ತಿಳಿಯತಕ್ಕ ವಿಷಯ.

ಮೊದಲು ಈ ಪದ್ಧತಿಯ ತಿರುಳನ್ನು ನೋಡೋಣ. ಇದರ ಪ್ರಕಾರ ನಮ್ಮ ಎರಡು ಪಾದಗಳೂ ಸೇರಿ ಇಡೀ ದೇಹದ ಒಂದು ಚಿಕ್ಕ ನಕ್ಷೆಯಾಗಿವೆ. ಬಲಪಾದವು ದೇಹದ ಬಲಭಾಗವನ್ನೂ ಎಡಪಾದವು ಎಡಭಾಗವನ್ನೂ ಸೂಚಿಸುತ್ತವೆ. ಹೆಬ್ಬೆರಳು ತಲೆಯ ಸ್ಥಾನ. ಬೆರಳುಗಳ ಬುಡದಲ್ಲಿರುವ ಉಬ್ಬಾದ ಭಾಗವು ಎದೆ ಮತ್ತು ಶ್ವಾಸಕೋಶಗಳ ಸ್ಥಾನ. ಅಂಗಾಲಿನ ತಗ್ಗಾದ ನಡುಭಾಗದಲ್ಲಿ ಜಠರ, ಕರುಳು ಮೊದಲಾದವು ಇವೆ. ಪಾದದ ಒಳ ಅಂಚಿನ ಉದ್ದಕ್ಕೂ ಬೆನ್ನೆಲುಬು ಹಾದುಹೋಗುತ್ತದೆ. ಯಕೃತ್ತು ಬಲಪಾದದಲ್ಲಿಯೂ ಹೃದಯವು ಮುಖ್ಯವಾಗಿ ಎಡಪಾದದಲ್ಲಿಯೂ ಇವೆ. ಯಾವ ಅಂಗ ಕೆಟ್ಟಿದೆಯೋ ಅದರ ಸ್ಥಾನವನ್ನು ಪಾದದಲ್ಲಿ ಒತ್ತಿದರೆ ಅಲ್ಲಿ ನೋವು ಕಾಣುತ್ತದೆ. ಆ ಸ್ಥಾನವನ್ನು ಮತ್ತೆ ಮತ್ತೆ ಒತ್ತುವುದರಿಂದ ಅಂಗವು ಸುಧಾರಿಸುತ್ತದೆ. ಇದು ಈ ಪದ್ಧತಿಯವರ ವಾದ.

ಇದರ ಪ್ರಾಚೀನತೆಯನ್ನು ಹೇಳುವವರು ಸಾಮಾನ್ಯವಾಗಿ ಈಜಿಪ್ಟಿನ ಒಂದು ಸಮಾಧಿಯನ್ನು ಮುಂದಿಡುತ್ತಾರೆ. ನೈಲ್ ನದಿಯ ಪಶ್ಚಿಮಕ್ಕೆ ಸಕ್ಕಾರಾ ಎಂಬ ಸ್ಥಳವಿದೆ. ಅಲ್ಲಿ ಅಂಖ್‌ಮಾಹೋರ್ ಎಂಬ ಮಂತ್ರಿಯ ಸಮಾಧಿಯೊಂದಿದ್ದು, ಅದು ಕ್ರಿಸ್ತಪೂರ್ವ ಸುಮಾರು 2300ರಷ್ಟು ಹಳೆಯದು. ಅದರ ಗೋಡೆಯ ಮೇಲಿನ ಉಬ್ಬುಚಿತ್ರದಲ್ಲಿ ಕುಳಿತಿರುವ ಕೆಲವರ ಕೈಗಳನ್ನೂ ಕಾಲುಗಳನ್ನೂ ಬೇರೆಯವರು ಹಿಡಿದು ಏನನ್ನೋ ಮಾಡುತ್ತಿರುವ ದೃಶ್ಯವಿದೆ. ಇದೇ ರಿಫ್ಲೆಕ್ಸಾಲಜಿಯ ಮೊದಲ ದಾಖಲೆಯೆಂದು ಕೆಲವರು ಹೇಳುತ್ತಾರೆ. ಆದರೆ ಅವರು ಕಾಲನ್ನು ಒತ್ತುತ್ತಿದ್ದಾರೋ, ಉಗುರು ಕತ್ತರಿಸುತ್ತಿದ್ದಾರೋ, ಇಲ್ಲವೇ ಗಾಯಕ್ಕೆ ಚಿಕಿತ್ಸೆ ಮಾಡುತ್ತಿದ್ದಾರೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆ ಚಿತ್ರದಲ್ಲಿ ಪಾದವಿದೆ, ಆದರೆ ಪಾದದ ಮೇಲೆ ಅಂಗಾಂಗಗಳ ನಕ್ಷೆಯಿಲ್ಲ.

ನಮ್ಮ ದೇಶದ ಆಯುರ್ವೇದದಲ್ಲಿಯೂ ಪಾದಕ್ಕೆ ಎಣ್ಣೆ ತಿಕ್ಕುವ ಪಾದಾಭ್ಯಂಗಕ್ಕೆ ಬಹಳ ಮನ್ನಣೆಯಿದೆ. ಅಷ್ಟಾಂಗಹೃದಯವನ್ನು ಬರೆದ ವಾಗ್ಭಟನು ದಿನವೂ ಎಣ್ಣೆ ಹಚ್ಚಿಕೊಳ್ಳಬೇಕೆಂದೂ, ತಲೆ, ಕಿವಿ, ಪಾದ ಈ ಮೂರಕ್ಕೆ ವಿಶೇಷವಾಗಿ ಹಚ್ಚಿಕೊಳ್ಳಬೇಕೆಂದೂ ವಿಧಿಸಿದ್ದಾನೆ. ಚೀನಾದಲ್ಲಿಯೂ ಪಾದವನ್ನು ಮರ್ದಿಸುವ ರೂಢಿ ಹಳೆಯದು. ಆದುದರಿಂದ ಪಾದವನ್ನು ಒತ್ತಿ ನೋವನ್ನು ಶಮನಗೊಳಿಸುವ ವಾಡಿಕೆ ಬಹು ಪ್ರಾಚೀನವೆಂಬುದರಲ್ಲಿ ಸಂಶಯವಿಲ್ಲ. ಆದರೆ ಇಂದು ಚಿಕಿತ್ಸಾಲಯಗಳ ಗೋಡೆಯ ಮೇಲೆ ತೂಗುಹಾಕುವ ಬಣ್ಣಬಣ್ಣದ ಪಾದನಕ್ಷೆ ಅಷ್ಟು ಹಳೆಯದಲ್ಲ. ಅದರ ವಯಸ್ಸು ಹೆಚ್ಚುಕಡಿಮೆ ನೂರು ವರ್ಷ; ಅದರ ತವರು ಅಮೆರಿಕ.

ಆ ನಕ್ಷೆ ಮೂಡಿದ ಕಾಲದ ಹಿನ್ನೆಲೆಯನ್ನು ಸ್ವಲ್ಪ ತಿಳಿಯಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ನರಮಂಡಲದ ಅಧ್ಯಯನ ಭರದಿಂದ ಮುಂದುವರಿಯಿತು. ಬಿಸಿಯಾದ ಪಾತ್ರೆಯನ್ನು ಮುಟ್ಟಿದೊಡನೆ ನಾವು ಯೋಚಿಸುವುದಕ್ಕೆ ಮೊದಲೇ ಕೈ ಹಿಂದಕ್ಕೆ ಬರುತ್ತದೆ. ಚರ್ಮದಿಂದ ಹೊರಟ ಸಂದೇಶವು ಮಿದುಳುಬಳ್ಳಿಯನ್ನು ಸೇರಿ ಅಲ್ಲಿಂದ ನೇರವಾಗಿ ಸ್ನಾಯುವಿಗೆ ಆಜ್ಞೆಯಾಗಿ ಮರಳುವುದೇ ಇದಕ್ಕೆ ಕಾರಣ. ಇದನ್ನು ಪರಾವರ್ತಿತ ಪ್ರತಿಕ್ರಿಯೆ ಎನ್ನುತ್ತಾರೆ. ಇಂಗ್ಲೆಂಡಿನ ವೈದ್ಯ ಮಾರ್ಷಲ್ ಹಾಲ್ 1833ರಲ್ಲಿ ಈ ಕ್ರಿಯೆಯನ್ನು ವಿವರಿಸಿದನು. ಮಂಡಿಯ ಕೆಳಗೆ ಮೆಲ್ಲಗೆ ತಟ್ಟಿದರೆ ಕಾಲು ತಾನಾಗಿ ಮುಂದಕ್ಕೆ ಚಿಮ್ಮುವುದನ್ನು ಜರ್ಮನಿಯ ಎರ್ಬ್ ಮತ್ತು ವೆಸ್ಟ್‌ಫಾಲ್ ಎಂಬ ವೈದ್ಯರು 1875ರಲ್ಲಿ ಬೇರೆ ಬೇರೆಯಾಗಿ ಪ್ರಕಟಿಸಿದರು. ಮುಂದೆ ಚಾರ್ಲ್ಸ್ ಶೆರಿಂಗ್ಟನ್ ಎಂಬ ವಿಜ್ಞಾನಿಯು 1906ರಲ್ಲಿ ಹೊರತಂದ ಗ್ರಂಥವು ಈ ವಿಷಯಕ್ಕೆ ಭದ್ರವಾದ ತಳಹದಿಯನ್ನು ಹಾಕಿತು. 1932ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಇದೇ ಕಾಲದಲ್ಲಿ ಇನ್ನೊಂದು ಸಂಗತಿಯೂ ಬೆಳಕಿಗೆ ಬಂದಿತು. ದೇಹದೊಳಗಿನ ಅಂಗವೊಂದು ಕೆಟ್ಟಾಗ ಅದರ ನೋವು ಕೆಲವೊಮ್ಮೆ ದೂರದ ಬೇರೆ ಭಾಗದಲ್ಲಿ ತೋರುತ್ತದೆ. ಹೃದಯಾಘಾತವಾದವರಿಗೆ ಎಡತೋಳಿನಲ್ಲಿ ನೋವು ಕಾಣಿಸಿಕೊಳ್ಳುವುದು ಇದಕ್ಕೆ ಉದಾಹರಣೆ. ಹೃದಯದಿಂದ ಬರುವ ನರಗಳೂ ತೋಳಿನ ಒಳಭಾಗದಿಂದ ಬರುವ ನರಗಳೂ ಮಿದುಳುಬಳ್ಳಿಯನ್ನು ಒಂದೇ ಎಡೆಯಲ್ಲಿ ಸೇರುವುದರಿಂದ, ನೋವು ಎಲ್ಲಿಂದ ಬಂದಿತೆಂಬುದನ್ನು ಮಿದುಳು ತಪ್ಪಾಗಿ ಗ್ರಹಿಸುತ್ತದೆ. ಹೀಗೆ ಒಳಗಿನ ಅಂಗಗಳಿಗೂ ಚರ್ಮದ ಕೆಲವು ವಲಯಗಳಿಗೂ ಇರುವ ಸಂಬಂಧವನ್ನು ಹೆನ್ರಿ ಹೆಡ್ ಎಂಬ ಆಂಗ್ಲ ವೈದ್ಯನು 1893ರಲ್ಲಿ ಪ್ರಕಟಿಸಿದನು. ದೇಹದ ಒಂದು ಭಾಗ ಇನ್ನೊಂದು ಭಾಗದೊಡನೆ ಮಾತನಾಡುತ್ತದೆ ಎಂಬ ಭಾವನೆ ಆ ಕಾಲದ ವೈದ್ಯರ ಮನಸ್ಸಿನಲ್ಲಿ ಹೀಗೆ ಬೇರೂರಿತ್ತು.

ಇಂತಹ ವಾತಾವರಣದಲ್ಲಿ ಕೆಲಸ ಮಾಡಿದವನು ವಿಲಿಯಂ ಫಿಟ್ಜೆರಾಲ್ಡ್. ಅವನು 1872ರಲ್ಲಿ ಅಮೆರಿಕದಲ್ಲಿ ಹುಟ್ಟಿದನು. 1895ರಲ್ಲಿ ವೆರ್ಮಾಂಟ್ ವಿಶ್ವವಿದ್ಯಾಲಯದಿಂದ ವೈದ್ಯಪದವಿಯನ್ನು ಪಡೆದು, ಬಾಸ್ಟನ್, ಲಂಡನ್, ವಿಯೆನ್ನಾ ನಗರಗಳಲ್ಲಿ ಅನುಭವ ಗಳಿಸಿದ ಬಳಿಕ, ಕನೆಕ್ಟಿಕಟ್ ಸಂಸ್ಥಾನದ ಹಾರ್ಟ್‌ಫರ್ಡ್ ನಗರದಲ್ಲಿ ಕಿವಿ, ಮೂಗು ಮತ್ತು ಗಂಟಲಿನ ಶಸ್ತ್ರವೈದ್ಯನಾಗಿ ನೆಲಸಿದನು. ರೋಗಿಗಳ ಮೂಗು, ಬಾಯಿ, ಕೈಗಳ ಕೆಲವು ತಾಣಗಳನ್ನು ಬಲವಾಗಿ ಒತ್ತಿದಾಗ ಮುಖದ ಕೆಲವು ಭಾಗಗಳು ಮರಗಟ್ಟಿದಂತಾಗುವುದನ್ನು ತಾನು ಕಂಡುದಾಗಿ ಅವನು ಹೇಳಿದನು. ಈ ಉಪಾಯದಿಂದ ಚಿಕ್ಕಪುಟ್ಟ ಶಸ್ತ್ರಕ್ರಿಯೆಗಳನ್ನು ಬೇರೆ ಅರಿವಳಿಕೆಯಿಲ್ಲದೆ ಮಾಡಬಹುದೆಂದು ಅವನ ಅಭಿಪ್ರಾಯವಾಗಿತ್ತು.

ಫಿಟ್ಜೆರಾಲ್ಡ್ ತನ್ನ ಅನುಭವಗಳನ್ನು ಒಂದು ಸಿದ್ಧಾಂತವಾಗಿ ರೂಪಿಸಿದನು. ದೇಹವನ್ನು ತಲೆಯಿಂದ ಬೆರಳುಗಳ ತುದಿಯವರೆಗೆ ಉದ್ದುದ್ದವಾಗಿ ಹತ್ತು ವಲಯಗಳನ್ನಾಗಿ ವಿಂಗಡಿಸಬಹುದು. ನಡುಗೆರೆಯ ಒಂದೊಂದು ಪಕ್ಕಕ್ಕೆ ಐದು ವಲಯಗಳು. ಒಂದೊಂದು ವಲಯವೂ ಕೈಯ ಒಂದು ಬೆರಳಿನಲ್ಲಿ ಹಾಗೂ ಕಾಲಿನ ಒಂದು ಬೆರಳಿನಲ್ಲಿ ಕೊನೆಗೊಳ್ಳುತ್ತದೆ. ಒಂದು ವಲಯದ ಯಾವುದೇ ಎಡೆಯಲ್ಲಿ ಒತ್ತಿದರೂ ಆ ವಲಯದ ಇತರ ಭಾಗಗಳ ನೋವು ಅಡಗುತ್ತದೆ. ಇದಕ್ಕೆ ವಲಯ ಚಿಕಿತ್ಸೆ ಎಂಬ ಹೆಸರು ಬಂದಿತು. ಎಡ್ವಿನ್ ಬೋವರ್ಸ್ ಎಂಬ ವೈದ್ಯನು 1915ರಲ್ಲಿ ಇದನ್ನು ಕುರಿತು ಜನಪ್ರಿಯ ಮಾಸಪತ್ರಿಕೆಯೊಂದರಲ್ಲಿ ಲೇಖನ ಬರೆದನು. ಹಲ್ಲುನೋವು ನಿಲ್ಲಬೇಕಾದರೆ ಕಾಲ್ಬೆರಳನ್ನು ಹಿಸುಕಬೇಕು ಎಂಬರ್ಥದ ಅದರ ತಲೆಬರಹ ಜನರ ಗಮನವನ್ನು ಸೆಳೆಯಿತು. 1917ರಲ್ಲಿ ಇಬ್ಬರೂ ಸೇರಿ ಪುಸ್ತಕವನ್ನು ಹೊರತಂದರು. ಬೆರಳುಗಳಿಗೆ ರಬ್ಬರ್ ಪಟ್ಟಿ ಸುತ್ತುವುದು, ಬಟ್ಟೆ ಒಣಗಿಸುವ ಕ್ಲಿಪ್ಪುಗಳನ್ನು ಸಿಕ್ಕಿಸುವುದು, ಬಾಚಣಿಗೆಯ ಹಲ್ಲುಗಳನ್ನು ಅಂಗೈಗೆ ಒತ್ತಿಹಿಡಿಯುವುದು ಮೊದಲಾದವು ಅವರು ಸೂಚಿಸಿದ ಮನೆಮದ್ದುಗಳು. ವೈದ್ಯಸಮುದಾಯವು ಮಾತ್ರ ಬಹುಮಟ್ಟಿಗೆ ಈ ಸಿದ್ಧಾಂತವನ್ನು ಒಪ್ಪಲಿಲ್ಲ. ನರಗಳಾಗಲಿ ರಕ್ತನಾಳಗಳಾಗಲಿ ಅವನು ಎಳೆದ ಗೆರೆಗಳನ್ನು ಅನುಸರಿಸಿ ಹರಿಯುವುದಿಲ್ಲ.

ಆದರೂ ಕೆಲವು ವೈದ್ಯರು ಇದರಲ್ಲಿ ಆಸಕ್ತಿ ವಹಿಸಿದರು. ಅವರಲ್ಲಿ ಜೋ ಶೆಲ್ಬಿ ರೈಲಿ ಮುಖ್ಯನು. ಅವನು ಉದ್ದದ ವಲಯಗಳ ಜೊತೆಗೆ ಅಡ್ಡ ವಿಭಾಗಗಳನ್ನೂ ಸೇರಿಸಿದನು. ಅವನ ಬಳಿ ಕೆಲಸ ಮಾಡುತ್ತಿದ್ದ ಯೂನಿಸ್ ಇಂಗಮ್ ಎಂಬ ಮಹಿಳೆಯೇ ಇಂದಿನ ರಿಫ್ಲೆಕ್ಸಾಲಜಿಯ ತಾಯಿ ಎನಿಸಿಕೊಂಡಿದ್ದಾಳೆ. ಅಂಗಮರ್ದನ ಚಿಕಿತ್ಸೆಯಲ್ಲಿ ತರಬೇತಿ ಹೊಂದಿದ್ದ ಆಕೆ 1930ರ ದಶಕದ ಆರಂಭದಲ್ಲಿ ಫ್ಲಾರಿಡಾದಲ್ಲಿ ರೋಗಿಗಳ ಪಾದಗಳನ್ನು ತಾಳ್ಮೆಯಿಂದ ಪರೀಕ್ಷಿಸತೊಡಗಿದಳು. ದೇಹದಲ್ಲೆಲ್ಲ ಪಾದವೇ ಬಹು ಸೂಕ್ಷ್ಮವೆಂದು ಆಕೆಗೆ ತೋರಿತು. ಮೊದಮೊದಲು ನೋಯುವ ತಾಣಗಳ ಮೇಲೆ ಹತ್ತಿಯ ಉಂಡೆಗಳನ್ನು ಅಂಟಿಸಿ ರೋಗಿಗಳನ್ನು ನಡೆದಾಡಿಸುತ್ತಿದ್ದಳು. ಬಳಿಕ ಹತ್ತಿಯನ್ನು ಬಿಟ್ಟು ಹೆಬ್ಬೆರಳನ್ನೇ ಬಳಸಿದಳು. ಒಂದೇ ಸಮನೆ ಒತ್ತುವುದಕ್ಕಿಂತ ಒತ್ತಿ ಬಿಡುತ್ತ, ಒತ್ತಿ ಬಿಡುತ್ತ ಸಾಗುವುದು ಮೇಲೆಂದು ಆಕೆಯ ಅನುಭವ. ಹೆಬ್ಬೆರಳು ಅಂಗಾಲಿನ ಮೇಲೆ ಕಂಬಳಿಹುಳುವಿನಂತೆ ಬಾಗಿ ನೀಡಿ ಮುಂದೆ ಸರಿಯುವ ಇಂದಿನ ವಿಧಾನ ಈ ಮೂಲದಿಂದ ಬಂದುದು. ಹತ್ತು ವಲಯಗಳ ಸರಳವಾದ ಗೆರೆಗಳ ನಡುವೆ ದೇಹದ ಅಂಗಗಳನ್ನೆಲ್ಲ ಪಾದದ ಮೇಲೆ ಗುರುತಿಸಿದವಳೂ ಆಕೆಯೇ.

ಇಂಗಮ್ 1938ರಲ್ಲಿ ತನ್ನ ಮೊದಲ ಪುಸ್ತಕವನ್ನು ಪ್ರಕಟಿಸಿದಳು. ವೈದ್ಯರು ಕಡೆಗಣಿಸಿದ ವಿದ್ಯೆಯನ್ನು ಆಕೆ ಸಾಮಾನ್ಯ ಜನರ ಬಳಿಗೆ ಕೊಂಡೊಯ್ದಳು. ಅಮೆರಿಕದ ಉದ್ದಗಲಕ್ಕೂ ಊರಿಂದೂರಿಗೆ ಸಂಚರಿಸಿ, ಉಪನ್ಯಾಸಗಳನ್ನು ಕೊಟ್ಟು, ನೂರಾರು ಜನರಿಗೆ ಕಲಿಸಿದಳು. 1974ರಲ್ಲಿ ಆಕೆ ತೀರಿಕೊಂಡ ಮೇಲೆ ಅವಳ ಸೋದರಸಂಬಂಧದ ಡ್ವೈಟ್ ಬೈಯರ್ಸ್ ಈ ಕೆಲಸವನ್ನು ಮುಂದುವರಿಸಿದನು. ಆಕೆಯ ಶಿಷ್ಯೆ ಡೊರೀನ್ ಬೇಲಿ 1966ರಲ್ಲಿ ಇದನ್ನು ಬ್ರಿಟನ್ನಿಗೆ ತಂದಳು. ಜರ್ಮನಿಯಲ್ಲಿ ಹ್ಯಾನ್ನೆ ಮಾರ್ಕ್ವಾರ್ಟ್ ಎಂಬ ದಾದಿ ಇದನ್ನು ಹರಡಿದಳು. ತೈವಾನಿನಲ್ಲಿ ಇದಕ್ಕೆ ಪ್ರಚಾರ ದೊರೆತ ಬಗೆಯು ಸ್ವಾರಸ್ಯಕರವಾಗಿದೆ. ಸ್ವಿಟ್ಸರ್ಲೆಂಡಿನಿಂದ ಅಲ್ಲಿಗೆ ಹೋಗಿದ್ದ ಜೋಸೆಫ್ ಯೂಗ್ಸ್ಟರ್ ಎಂಬ ಕ್ರೈಸ್ತ ಪಾದ್ರಿಗೆ ಮೊಣಕಾಲಿನ ಬೇನೆಯಿತ್ತು. ಪಾದವನ್ನು ಒತ್ತಿಕೊಂಡು ಉಪಶಮನ ಪಡೆದೆನೆಂದು ನಂಬಿದ ಅವರು ಅದನ್ನು ಅಲ್ಲಿನ ಜನರಿಗೂ ಕಲಿಸಿದರು. ಪೂರ್ವದೇಶದ ಪುರಾತನ ವಿದ್ಯೆಯೆಂದು ಪ್ರವಾಸಿಗರು ಅಲ್ಲಿ ಮೆಚ್ಚುವ ಪಾದಚಿಕಿತ್ಸೆಯ ಹಿಂದೆ ಹೀಗೆ ಒಬ್ಬ ಐರೋಪ್ಯನ ಉತ್ಸಾಹವೂ ಕೆಲಸ ಮಾಡಿದೆ.

ಇಷ್ಟು ಜನ ನಂಬಿ ಬಳಸುತ್ತಿರುವ ಚಿಕಿತ್ಸೆ ನಿಜವಾಗಿರಲೇಬೇಕಲ್ಲವೆ ಎಂಬ ಪ್ರಶ್ನೆ ಏಳುವುದು ಸಹಜ. ಆದರೆ ನಂಬುವವರ ಸಂಖ್ಯೆಯಿಂದ ಚಿಕಿತ್ಸೆಯ ಗುಣವನ್ನು ಅಳೆಯಲಾಗದು. ಶೀತ, ತಲೆನೋವು, ಬೆನ್ನುನೋವು ಮೊದಲಾದ ಎಷ್ಟೋ ತೊಂದರೆಗಳು ಏನೂ ಮಾಡದಿದ್ದರೂ ಕೆಲವು ದಿನಗಳಲ್ಲಿ ತಾವಾಗಿ ಇಳಿಯುತ್ತವೆ. ಆ ನಡುವೆ ಯಾವ ಚಿಕಿತ್ಸೆ ಮಾಡಿಸಿಕೊಂಡಿರುತ್ತೇವೆಯೋ ಅದಕ್ಕೆ ಕೀರ್ತಿ ಸಲ್ಲುತ್ತದೆ. ಅಲ್ಲದೆ ಒಬ್ಬರು ಅರ್ಧ ಗಂಟೆ ಹತ್ತಿರ ಕುಳಿತು, ಕಷ್ಟವನ್ನು ಕೇಳಿ, ಮೃದುವಾಗಿ ಮುಟ್ಟಿದಾಗ ರೋಗಿಯ ಆತಂಕ ಕಡಿಮೆಯಾಗಿ ನೋವು ತಗ್ಗಿದಂತೆ ಎನಿಸುವುದೂ ಉಂಟು. ಆದುದರಿಂದ ವಿಜ್ಞಾನಿಗಳು ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಕೇಳುತ್ತಾರೆ. ಒಂದೇ ತೆರನಾದ ರೋಗಿಗಳನ್ನು ಎರಡು ಗುಂಪುಗಳಾಗಿ ಮಾಡಿ, ಒಂದು ಗುಂಪಿಗೆ ನಕ್ಷೆಯ ಪ್ರಕಾರವೂ ಇನ್ನೊಂದು ಗುಂಪಿಗೆ ನಕ್ಷೆಯನ್ನು ಲೆಕ್ಕಿಸದೆಯೂ ಕಾಲೊತ್ತಿದರೆ ಮೊದಲ ಗುಂಪಿಗೆ ಹೆಚ್ಚಿನ ಗುಣ ಕಾಣುವುದೇ? ಕಂಡರೆ ನಕ್ಷೆ ನಿಜ. ಕಾಣದಿದ್ದರೆ ಸುಖವು ಒತ್ತುವಿಕೆಯದು, ನಕ್ಷೆಯದಲ್ಲ.

ಇಂತಹ ಪರೀಕ್ಷೆಗಳು ನಡೆದಿವೆ. 2000ದಲ್ಲಿ ಬ್ರಿಟನ್ನಿನ ಸಂಶೋಧಕರು ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಗೊತ್ತುಪಡಿಸಿದ ಆರು ಬಗೆಯ ತೊಂದರೆಗಳಲ್ಲಿ ಒಂದೋ ಹೆಚ್ಚೋ ಇದ್ದ 18 ಮಂದಿಯ ಪಾದಗಳನ್ನು ಇಬ್ಬರು ರಿಫ್ಲೆಕ್ಸಾಲಜಿ ತಜ್ಞರು ಪರೀಕ್ಷಿಸಿದರು. ಯಾರಿಗೆ ಯಾವ ತೊಂದರೆಯಿದೆ ಎಂಬುದನ್ನು ಅವರಿಗೆ ತಿಳಿಸಿರಲಿಲ್ಲ. ಪಾದವನ್ನು ನೋಡಿ ಅದನ್ನು ಗುರುತಿಸಲು ಅವರಿಂದ ಆಗಲಿಲ್ಲ. 2009ರಲ್ಲಿ ಎಡ್ಜರ್ಡ್ ಅರ್ನ್ಸ್ಟ್ ಎಂಬ ಪ್ರಾಧ್ಯಾಪಕರು ಅಲ್ಲಿಯವರೆಗಿನ 18 ಪ್ರಯೋಗಗಳನ್ನು ಒಟ್ಟುಗೂಡಿಸಿ ವಿಮರ್ಶಿಸಿದರು. ಯಾವ ರೋಗಕ್ಕಾದರೂ ಇದು ಪರಿಣಾಮಕಾರಿಯಾದ ಚಿಕಿತ್ಸೆಯೆಂದು ನಂಬುವಂತಹ ಆಧಾರವಿಲ್ಲವೆಂದು ಅವರ ತೀರ್ಮಾನವಾಯಿತು. ಆಸ್ಟ್ರೇಲಿಯಾ ಸರ್ಕಾರವೂ ಇಂತಹ ಹಲವು ಪದ್ಧತಿಗಳನ್ನು ಪರಿಶೀಲಿಸಿತು. ಅದರ ಫಲವಾಗಿ 2019ರ ಏಪ್ರಿಲ್ ತಿಂಗಳಿನಿಂದ ಅಲ್ಲಿನ ಖಾಸಗಿ ಆರೋಗ್ಯವಿಮೆಯ ಸೌಲಭ್ಯವು ರಿಫ್ಲೆಕ್ಸಾಲಜಿಗೆ ದೊರೆಯದಂತಾಯಿತು.

ಶರೀರರಚನೆಯ ಶಾಸ್ತ್ರವೂ ಇದೇ ಮಾತನ್ನು ಹೇಳುತ್ತದೆ. ಒಂದೊಂದು ಪಾದದಲ್ಲಿ 26 ಮೂಳೆಗಳಿವೆ; ಅವುಗಳನ್ನು ಬಿಗಿದ ಕಟ್ಟುಗಳೂ ಸ್ನಾಯುಗಳೂ ಇವೆ. ಅಂಗಾಲಿನ ನರಗಳು ಕಾಲಿನ ಮೂಲಕ ಮೇಲೇರಿ ಮಿದುಳುಬಳ್ಳಿಯನ್ನು ಸೇರುತ್ತವೆ. ಅಲ್ಲಿಂದ ಸಂದೇಶಗಳು ಮಿದುಳಿಗೆ ಹೋಗುತ್ತವೆ. ಪಾದದ ಒಂದು ಬಿಂದುವಿನಿಂದ ಹೊರಟು ಯಕೃತ್ತನ್ನೋ ಮೂತ್ರಪಿಂಡವನ್ನೋ ಮುಟ್ಟುವ ಪ್ರತ್ಯೇಕ ನರ ಯಾವುದೂ ಇಲ್ಲ. ಬೇರೆ ಬೇರೆ ಗುರುಗಳು ಬರೆದ ನಕ್ಷೆಗಳು ಕೂಡ ಎಲ್ಲ ಕಡೆಯೂ ಒಂದಕ್ಕೊಂದು ಹೊಂದುವುದಿಲ್ಲ. ಒಂದೇ ಊರಿನ ಎರಡು ನಕ್ಷೆಗಳು ಕೆರೆಯನ್ನು ಎರಡು ದಿಕ್ಕಿನಲ್ಲಿ ತೋರಿಸಿದರೆ ದಾರಿಹೋಕನು ಯಾವುದನ್ನು ನಂಬಬೇಕು?

ಹಾಗೆಂದ ಮಾತ್ರಕ್ಕೆ ಪಾದವು ವೈದ್ಯನಿಗೆ ಏನನ್ನೂ ಹೇಳುವುದಿಲ್ಲವೆಂದು ತಿಳಿಯಬಾರದು. ಪ್ಯಾರಿಸಿನ ವೈದ್ಯ ಜೋಸೆಫ್ ಬಬಿನ್ಸ್ಕಿ 1896ರಲ್ಲಿ ಒಂದು ಸರಳವಾದ ಪರೀಕ್ಷೆಯನ್ನು ವಿವರಿಸಿದನು. ಆರೋಗ್ಯವಂತನಾದ ವಯಸ್ಕನ ಅಂಗಾಲಿನ ಹೊರ ಅಂಚನ್ನು ಹಿಮ್ಮಡಿಯಿಂದ ಮುಂದಕ್ಕೆ ಮೊಂಡಾದ ವಸ್ತುವಿನಿಂದ ಗೀರಿದರೆ ಹೆಬ್ಬೆರಳು ಕೆಳಕ್ಕೆ ಬಾಗುತ್ತದೆ. ಮಿದುಳಿನಿಂದ ಮಿದುಳುಬಳ್ಳಿಗೆ ಇಳಿಯುವ ಮುಖ್ಯ ನರಮಾರ್ಗಕ್ಕೆ ಪೆಟ್ಟಾಗಿದ್ದರೆ ಅದು ಮೇಲಕ್ಕೆ ಏಳುತ್ತದೆ. ನರಮಾರ್ಗ ಇನ್ನೂ ಬಲಿಯದ ಎಳೆಮಗುವಿನಲ್ಲಿ ಮಾತ್ರ ಹೆಬ್ಬೆರಳು ಮೇಲೇಳುವುದೇ ಸಹಜ. ಇಂದಿಗೂ ವೈದ್ಯರು ಈ ಪರೀಕ್ಷೆಯನ್ನು ಮಾಡುತ್ತಾರೆ. ಇದಕ್ಕೆ ನರಮಂಡಲದ ರಚನೆಯ ಆಧಾರವಿದೆ. ಅಸಂಖ್ಯಾತ ರೋಗಿಗಳಲ್ಲಿ ಇದು ಪರೀಕ್ಷಿತವಾಗಿದೆ. ಫಿಟ್ಜೆರಾಲ್ಡ್ ಮತ್ತು ಬಬಿನ್ಸ್ಕಿ ಇಬ್ಬರೂ ವೈದ್ಯರೇ, ಹೆಚ್ಚುಕಡಿಮೆ ಒಂದೇ ಕಾಲದವರೇ. ಒಬ್ಬನ ಮಾತು ಪರೀಕ್ಷೆಯಲ್ಲಿ ಗೆದ್ದಿತು, ಇನ್ನೊಬ್ಬನ ಮಾತು ಸೋತಿತು. ಅವರ ನಡುವಿನ ಅಂತರ ಇಷ್ಟೇ; ಆದರೆ ವೈದ್ಯಶಾಸ್ತ್ರದಲ್ಲಿ ಇದು ಚಿಕ್ಕ ಅಂತರವಲ್ಲ.

ಈ ವಿವೇಚನೆ ಕೇವಲ ಪಂಡಿತರ ಚರ್ಚೆಗೆ ಸೇರಿದ್ದೆಂದು ಭಾವಿಸಬಾರದು. ಇದರಲ್ಲಿ ಜೀವದ ಪ್ರಶ್ನೆಯೂ ಅಡಗಿದೆ. ಎದೆನೋವು ಬಂದು ತೋಳಿಗೆ ಹರಿಯುತ್ತಿರುವವನ ಎಡಪಾದವನ್ನು ಒತ್ತುತ್ತ ಕುಳಿತರೆ, ಆಸ್ಪತ್ರೆಗೆ ಒಯ್ಯಬೇಕಾದ ಅಮೂಲ್ಯ ವೇಳೆ ಕಳೆದುಹೋಗುತ್ತದೆ. ಮಧುಮೇಹ ಬಹುಕಾಲದಿಂದ ಇರುವ ಅನೇಕರಿಗೆ ಪಾದದ ಸ್ಪರ್ಶಜ್ಞಾನ ಮಂದವಾಗಿರುತ್ತದೆ. ಅಂಥವರ ಪಾದವನ್ನು ಬಲವಾಗಿ ಒತ್ತಿದಾಗ ಗಾಯವಾದರೂ ಅವರಿಗೆ ತಿಳಿಯದೆ ಹೋಗಬಹುದು. ಆ ಗಾಯ ಬೇಗ ಮಾಯದೆ ಕಾಲಿಗೇ ಅಪಾಯ ಬರಬಹುದು. ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಕಾಲು ಊದಿಕೊಂಡಿದ್ದರೆ ಅದನ್ನು ತಿಕ್ಕಲೇಬಾರದು. ಹೆಪ್ಪು ಕಳಚಿ ಶ್ವಾಸಕೋಶವನ್ನು ಸೇರಿದರೆ ಪ್ರಾಣಕ್ಕೆ ಸಂಚಕಾರ. ಇಂತಹ ಸಂದರ್ಭಗಳಲ್ಲಿ ವೈದ್ಯರ ಸಲಹೆಯೇ ದಾರಿ.

ಅಪಾಯವಿಲ್ಲದ ಕಡೆಯಲ್ಲಿ ಕಾಲೊತ್ತುವುದನ್ನು ಬಿಡಬೇಕಾದ ಕಾರಣವೇನೂ ಇಲ್ಲ. ಬ್ರಿಟನ್ನಿನ ಕೆಲವು ಆಸ್ಪತ್ರೆಗಳಲ್ಲಿ ಅರ್ಬುದರೋಗಿಗಳಿಗೆ ಔಷಧೋಪಚಾರದ ಜೊತೆಗೆ ಇಂತಹ ಪಾದಸೇವೆಯನ್ನೂ ಒದಗಿಸುತ್ತಾರೆ. ಅದು ರೋಗವನ್ನು ಕಳೆಯುತ್ತದೆಂದಲ್ಲ, ರೋಗಿಗೆ ನೆಮ್ಮದಿಯನ್ನು ಕೊಡುತ್ತದೆಂದು. ಯೂನಿಸ್ ಇಂಗಮ್ ಎಳೆದ ನಕ್ಷೆ ತಪ್ಪಾಗಿರಬಹುದು. ಆದರೆ ದಣಿದ ಪಾದಗಳನ್ನು ಕೈಗೆತ್ತಿಕೊಂಡು ತಾಳ್ಮೆಯಿಂದ ಕುಳಿತ ಆಕೆಯ ಸೇವೆಯಿಂದ ಎಷ್ಟೋ ಜನರಿಗೆ ಸಮಾಧಾನ ದೊರೆತಿರಬೇಕು. ಸಮಾಧಾನವನ್ನು ಸಮಾಧಾನವೆಂದೇ ಕರೆಯುವುದರಿಂದ ಅದರ ಬೆಲೆ ಕಡಿಮೆಯಾಗದು. ಅದನ್ನು ಔಷಧವೆಂದು ಕರೆದಾಗ ಮಾತ್ರ ತೊಡಕು ಹುಟ್ಟುತ್ತದೆ.

ಆದುದರಿಂದ ಇಂದು ಸಂಜೆ ಅಜ್ಜಿ ಕಾಲು ನೋಯುತ್ತದೆಂದರೆ ಬೆಚ್ಚಗಿನ ಎಣ್ಣೆ ಹಚ್ಚಿ ಮೆಲ್ಲನೆ ಒತ್ತುವುದು ಒಳ್ಳೆಯದೇ. ಒತ್ತುತ್ತಿರುವಾಗ ಅವರ ಪಾದದಲ್ಲಿ ಗಾಯವಿದೆಯೇ, ಬಾವು ಇದೆಯೇ, ಮುಟ್ಟಿದ್ದು ಅವರಿಗೆ ತಿಳಿಯುತ್ತಿದೆಯೇ ಎಂದು ನೋಡಬೇಕು. ಇವುಗಳಲ್ಲಿ ಯಾವುದಾದರೂ ಸಂದೇಹ ಬಂದರೆ ಒತ್ತುವುದನ್ನು ನಿಲ್ಲಿಸಿ, ಮರುದಿನವೇ ಅವರನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋಗಬೇಕು. ಪ್ರೀತಿಯಿಂದ ಮುಟ್ಟುವ ಕೈಯೂ ಸತ್ಯವನ್ನು ವಿಚಾರಿಸುವ ಬುದ್ಧಿಯೂ ಜೊತೆಗೂಡಿದಾಗಲೇ ಸೇವೆ ಪೂರ್ಣವಾಗುತ್ತದೆ.